ಗೋದಾಮಿನ ಬಾಡಿಗಿ ಎಷ್ಟಂತ?

ಗದಗಿನ ಹತ್ತಿ ದಲಾಲರ ಮನೆತನದವರೊಬ್ಬರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಇಂಗ್ಲೆಂಡಿಗೆ ಹೋದರು. ಬಾಣಂತನ ಹೆಂಡತಿಯ ಪಾಲಿಗೆ ಬಂತು. ದಲಾಲರಿಗೆ ಕೈಯಲ್ಲಿ ಕೆಲಸವಿಲ್ಲ. ಮಾವನವರನ್ನು ಸುತ್ತಾಡಿಸುವ ಹೊಣೆ ಅಳಿಯನ ತಲೆಗೆ ಬಿತ್ತು. ಒಂದು ಭಾನುವಾರ ಆತ ಅವರನ್ನು ಲಿವರ್‌ಪೂಲಿನ ಅಲ್ಬರ್ಟ್ ಡಾಕ್‌ಗೆ ಕರೆದುಕೊಂಡು ಹೋದ.

ನಡುವೆ ಚೌಕಾಕಾರದ ನೀರು, ಸುತ್ತ ಐದಂತಸ್ತಿನ ಇಟ್ಟಿಗೆ ಗೋದಾಮುಗಳು, ನೀರಿಗೆ ತಾಗಿದಂತೆ ದಪ್ಪನೆಯ ಕಬ್ಬಿಣದ ಕಂಬಗಳು. 1846ರಲ್ಲಿ ತೆರೆದದ್ದು. ಹಡಗು ನೇರ ಗೋದಾಮಿನ ಬಾಗಿಲಿಗೇ ಬಂದು ಸರಕು ಇಳಿಸುತ್ತಿತ್ತು: ಹತ್ತಿ, ಚಹಾ, ರೇಷ್ಮೆ, ತಂಬಾಕು, ಬ್ರಾಂದಿ. ಕಟ್ಟಡದ ಚೌಕಟ್ಟಿನಲ್ಲಿ ಮರವಿಲ್ಲ, ಇರುವುದೆಲ್ಲ ಇಟ್ಟಿಗೆ, ಕಲ್ಲು, ಕಬ್ಬಿಣ. ಬೆಂಕಿಯ ಭಯಕ್ಕೆ ಹಾಗೆ ಕಟ್ಟಿದ್ದೆಂದು ಅಳಿಯ ವಿವರಿಸಿದ.

"ನಾವು ಜಿನ್ನಿನ್ಯಾಗ ಬೀಡಿ ಸೇದಬ್ಯಾಡ್ರಿ ಅಂತ ಬೋರ್ಡು ಹಾಕ್ತೀವಿ. ಇವರು ಕಟ್ಟಡಾನ ಹಂಗ ಕಟ್ಟ್ಯಾರ ನೋಡ್ರಿ ಅಳಿಯಾರ" ಎಂದರು ದಲಾಲರು.

ಆಮೇಲೆ ಮೂಗೆಳೆದು ವಾಸನೆ ನೋಡಿದರು. ಕಾಫಿ ವಾಸನೆ. ಅರಳೆಯ ಧೂಳಿಲ್ಲ, ಹಮಾಲರ ಕೂಗಿಲ್ಲ. ಹಾಯಿಹಡಗಿನ ಅಳತೆಗೆ ಕಟ್ಟಿದ ಈ ಕೊಳ ಉಗಿಹಡಗುಗಳಿಗೆ ಇಕ್ಕಟ್ಟಾಯಿತು. 1972ರಲ್ಲಿ ಬಾಗಿಲು ಹಾಕಿತು. ಈಗ ಹೋಟೆಲು, ಅಂಗಡಿ, ಮ್ಯೂಜಿಯಂ. 1816ರಲ್ಲಿ ಮುಗಿದ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ಸಪೂರ ದೋಣಿಗಳು, 2009ರಲ್ಲಿ ತೆಗೆದ ಹೊಸ ಕೊಂಡಿಯಿಂದಾಗಿ ಪಕ್ಕದ ಡಾಕ್‌ವರೆಗೆ ಬರುತ್ತವೆ. ಒಂದು ದೋಣಿಯ ತಾರಸಿಯ ಮೇಲೆ ಕುಂಡದಲ್ಲಿ ಪುದೀನ ಬೆಳೆದಿತ್ತು.

ಈ ಊರಿಗೂ ಗದಗಿಗೂ ನಂಟು ಹಳೆಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ನಿಂತಾಗ ಈ ಬಂದರಿನಿಂದ ಹತ್ತಿ ತರಿಸುತ್ತಿದ್ದ ಲಂಕಾಶೈರಿನ ಗಿರಣಿಗಳ ಕಣ್ಣು ಗದಗ ಸೀಮೆಯ ಎರೆಹೊಲಗಳ ಮೇಲೆ ಬಿತ್ತು. ಗದಗ, ಮುಂಡರಗಿ ಇಂಗ್ಲಿಷರವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದ್ದು. ದೊರೆಗಳು ಬೇರೆಯಾದರೂ ಮಣ್ಣು ಒಂದೇ ಕಪ್ಪು. ಈ ಸೀಮೆಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಅರಳೆ ಚಕ್ಕಡಿಯೇರಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಮುಂಬೈಗೆ.

ಮುಂಬೈ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು 'ಕುಮಟಾ'. ಒಂದು ಹತ್ತಿಗಿಡವನ್ನೂ ಬೆಳೆಯದ ಊರಿನ ಹೆಸರು! ಲಂಕಾಶೈರು ಮುಟ್ಟಿದರೆ ಅದೂ ಇಲ್ಲ. ಹಿಂದೂಸ್ತಾನದ ಅರಳೆಗೆಲ್ಲ ಅಲ್ಲಿ 'ಸೂರತ್' ಎಂದೇ ಹೆಸರು, ಎಳೆ ಗಿಡ್ಡ, ಕಸ ಬಹಳ ಎಂಬ ಬೈಗುಳವೂ ಜೊತೆಗೆ. ಬೈಗುಳಕ್ಕೆ ಕಾರಣವಿತ್ತೆನ್ನಿ, ಕಾಳು ಬೆರೆಸಿ, ನೀರು ಚಿಮುಕಿಸಿ ತೂಕ ಹೆಚ್ಚಿಸುವವರನ್ನು ಹಿಡಿಯಲು ಮುಂಬೈ ಸರಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ದಲಾಲರ ಮನೆತನದವರು ಈ ಮಾತು ಬಂದಾಗ ವಿಷಯ ಬದಲಿಸುತ್ತಾರೆ.

1884ರಲ್ಲಿ ಹೊಟಗಿಯಿಂದ ಗದಗಿಗೆ ರೈಲು ಬಂತು. ಮುಂದೆ ಹಳಿ ಮರ್ಮಗೋವಾ ಬಂದರಿನವರೆಗೂ ಹೋಯಿತು, ಘಟ್ಟದ ಚಕ್ಕಡಿಗಳು ಕಡಿಮೆಯಾದವು. ನೀರಿನ ಕಾಲುವೆ ಕಾಣದ ಗದಗಿಗೆ ಕಬ್ಬಿಣದ ಹಳಿಯೇ ಕಾಲುವೆ. ಕುಮಟಾ ಎಂಬ ಹೆಸರು ಮಾತ್ರ ಪೇಟೆಯಲ್ಲಿ ಉಳಿಯಿತು. ಅಮೆರಿಕದ ಬೀಜದಿಂದ ಇಲ್ಲಿ ಒಗ್ಗಿಸಿ ಆರಿಸಿದ ತಳಿಯನ್ನು 'ಗದಗ-1' ಎಂದು ಕರೆದಾಗಲೇ ಊರಿನ ಹೆಸರು ಹತ್ತಿಗೆ ಸಿಕ್ಕಿದ್ದು. ಅದರ ಮಗಳು ಲಕ್ಷ್ಮಿ. ಲಕ್ಷ್ಮಿಯ ಮಗಳು, 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ.

ಅಂಗಡಿಯೊಂದರಲ್ಲಿ ದಲಾಲರು ಹತ್ತಿಯ ಒರೆಸುಬಟ್ಟೆ ಕೈಗೆತ್ತಿಕೊಂಡರು. ಅಂಚಿನ ದಾರ ಬಿಡಿಸಿ, ಎಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿ, ಬೆಳಕಿಗೆ ಹಿಡಿದರು. ಅಂಗಡಿಯ ಹುಡುಗಿ ಗಾಬರಿಯಾದಳು.

"ಮಾವಾರ, ಬಿಡ್ರಿ, ರೊಕ್ಕ ಕೊಡಬೇಕಾಗ್ತದ."

"ಎಳಿ ನೋಡಾಕತ್ತೇನಿ. ಜವಾರಿ ಅಲ್ಲ ಇದು."

ಕೊನೆಗೆ ರೊಕ್ಕ ಕೊಟ್ಟೇ ತಂದರು. ಹೊರಗೆ ಬಂದು ಗೋದಾಮಿನ ಫೋಟೋ ತೆಗೆದು ಗದಗಿನ ಅಡತಿ ಅಂಗಡಿಯ ಗೆಳೆಯನಿಗೆ ವಾಟ್ಸಾಪ್ ಮಾಡಿದರು. ಕಾಫಿ ಮುಗಿಯುವುದರೊಳಗೆ ಉತ್ತರ ಬಂತು: "ಗೋದಾಮು ಭಾರಿ ಐತಿ. ಬಾಡಿಗಿ ಎಷ್ಟಂತ?"