ಮೂರನೇ ಡಿಸ್ಕು

ದಸರಾ ಬಂತಂದ್ರ ನಮ್ಮ ಮನ್ಯಾಗ ಕಪಾಟು ಝಾಡಸೂ ಕೆಲಸ. ಈ ಸಲ ಟಿವಿ ಕೆಳಗಿನ ಖಣದಾಗ ಮೂರು ವಿಸಿಡಿ ಸಿಕ್ಕವು. ಮ್ಯಾಲೆ ಕೆಂಪು ಪೆನ್ನಿಲೆ ತಂಗಿ ಹೆಸರು, 2002. ಆಕಿ ಲಗ್ನದ್ದು.

ನಿಮ್ಮ ಮನ್ಯಾಗೂ ಇರಬೇಕಲ್ಲಾ ಇಂಥಾವು? ಆಗ ಒಂದು ಸಿನಿಮಾ ಅಂದ್ರ ಎರಡು-ಮೂರು ಡಿಸ್ಕು. ಒಂದರಾಗ ಹೆಚ್ಚಂದ್ರ 80 ನಿಮಿಷ. ಹೀರೋ ಗುಡ್ಡದ ತುದೀಗೆ ಜೋತು ಬಿದ್ದಾಗನ ಡಿಸ್ಕು ಮುಗೀತಿತ್ತು, ಎದ್ದು ಬದಲಿ ಮಾಡವ್ರು ಯಾರಂತ ನಮ್ಮ ಜಗಳಾ.

ಈಗಿನ ಲ್ಯಾಪ್‌ಟಾಪಿಗೆ ಡಿಸ್ಕು ಹಾಕೂ ಬಾಯೇ ಇಲ್ಲ. ಮಗ ಗೆಳೆಯಾನ ಕಡಿಂದ ಹೊರಗಿನ ಡ್ರೈವ್ ತಂದು ಪೆನ್‌ಡ್ರೈವಿಗೆ ಹಾಕಲಿಕ್ಕೆ ಕೂತ. ಮೊದಲ ಎರಡು ಸುಸೂತ್ರ ಬಂದವು. ಫೈಲ್ ನೋಡಿದ್ರ ಒಂದೊಂದೂ 800 ಎಂಬಿ ಹತ್ರ. ಡಿಸ್ಕಿನ ಮ್ಯಾಲೆ ಬರದದ್ದು 700! ಎರಡು ಕಿಲೋ ಡಬ್ಬಿಯೊಳಗ ಎರಡೂಕಾಲು ಕಿಲೋ ಅಕ್ಕಿ ಹೆಂಗ ಹಿಡೀತು ಅಂತ ಕೇಳಿದೆ.

ಅಂವಾ ಹೇಳಿದ್ದು ಹಿಂಗ. ಡಿಸ್ಕಿನ ಒಂದೊಂದು ಸಣ್ಣ ಖಾನೆದಾಗ 2352 ಬೈಟ್ ಜಾಗ. ಕಾಗದಪತ್ರ ಇಡೂ ಸಿಡಿಯೊಳಗ ಅದರಾಗ 2048 ಅಷ್ಟ ನಮಗ. ಉಳಿದದ್ದು ಹೆಚ್ಚಿನಂಶ ಗೀರು ಬಿದ್ರ ತಪ್ಪು ತಿದ್ದಿಕೊಳ್ಳಲಿಕ್ಕೆ ಕಾದಿಟ್ಟದ್ದು. ಲೆಕ್ಕದ ಕಡತದಾಗ ಒಂದು ಅಂಕಿ ತಪ್ಪಿದ್ರೂ ನಡ್ಯೂದಿಲ್ಲ, ಸಿನಿಮಾದಾಗ ನಾಲ್ಕು ಚುಕ್ಕಿ ತಪ್ಪಿದ್ರ ಯಾರಿಗೆ ಕಾಣ್ತದ? ಅದಕ್ಕ ವಿಸಿಡಿಯೊಳಗ ಆ ಜಾಗಾನೂ ಚಿತ್ರಕ್ಕ ಕೊಟ್ಟು 2324 ಮಾಡ್ಯಾರ. ಕೆಳಗಿನ ಪದರಿನ ರಕ್ಷಣೆ ಇರ್ತದ, ಮ್ಯಾಲಿನದು ಹೋತು.

ಮೂರನೇ ಡಿಸ್ಕು ತಂಗಿನ ಕಳಸೂ ಹೊತ್ತಿಂದು. 2009ರಾಗ ಅಪ್ಪ ಹೋದ ಮ್ಯಾಲೆ ಅವ್ವ ಅದನ್ನ ಎಷ್ಟು ಸಲ ಹಾಕಿ ನೋಡಿದ್ಲೋ ಲೆಕ್ಕಿಲ್ಲ. ಮೂರರಾಗ ಅದಕ್ಕ ಹೆಚ್ಚು ಗೀರು. ಮೆತ್ತನ್ನ ಅರಿವಿಲೆ ನಡುವಿನಿಂದ ಅಂಚಿಗೆ ಒರಸಿ ಹಾಕಿದ್ವಿ. ಅಪ್ಪ ಕಾರಿನ ಕಿಡಕಿ ಹತ್ರ ಬಗ್ಗಿ ಏನೋ ಹೇಳಲಿಕ್ಕೆ ಬಾಯಿ ತಗೀತಾರ, ಅಲ್ಲೇ ಹಸರು ಚೌಕಗಳು, ದನಿ ಕಟ್. ಆಮ್ಯಾಲೆ ಕಾರು ಓಣಿ ತಿರುವಿನ್ಯಾಗ. ಮಗ ನಿಧಾನ ವೇಗಕ್ಕ ಇಟ್ಟು ಓದಿಸಿದ, ಇನ್ನೊಂದು ಡ್ರೈವಿನ್ಯಾಗ ಹಾಕಿದ. ಅಲ್ಲೂ ಅಷ್ಟ.

ಅವ್ವ ಸುಮ್ಮನ ಕೂತಿದ್ಲು. ಮೂರೂ ಕೂಡಿ ಎರಡೂವರಿ ಜಿಬಿನೂ ಆಗೂದಿಲ್ಲ. 4.7 ಜಿಬಿ ಡಿವಿಡಿ ಒಂದರಾಗ ಮೂರೂ ಹಿಡಿದು ಜಾಗ ಉಳೀತಿತ್ತು. ಈಗ ಫೋನಿನ್ಯಾಗ 4ಕೆ ಒಳಗ ತಗದ್ರ ಒಂದು ನಿಮಿಷಕ್ಕ ನೂರು ಎಂಬಿ ದಾಟತದ, ನಮ್ಮ ಬೆಕ್ಕಿಂದ ಅಷ್ಟು ತಗದಿಟ್ಟೇನಿ ನಾನು.

ರಾತ್ರಿ ತಂಗಿಗೆ ಫೋನ್ ಹಚ್ಚಿ, "ಅಪ್ಪ ಅವತ್ತ ಏನಂದ್ರ?" ಅಂತ ಕೇಳಿದೆ.

"ಅಕ್ಕಾ, ಅಳೂದರಾಗ ನಂಗೇನ ನೆಪ್ಪದ? ಟ್ರಂಕಿನ ಕೀಲಿಕೈ ತಗೊಂಡಿಯಿಲ್ಲೋ ಅಂತ ಕೇಳಿದ್ರು ಕಾಣತದ."

ಅವ್ವಗ ಹೇಳಿದೆ. "ಹೌದೌದು, ಕೀಲಿಕೈ ಇಲ್ಲೇ ಬಿಟ್ಟಿದ್ಲು," ಅಂತ ಅವ್ವ ನಕ್ಕಳು. ಡಿಸ್ಕು ಚೆಲ್ಲಲಿಕ್ಕೆ ಕೊಡಲಿಲ್ಲ, ಒಗದ ಕರವಸ್ತ್ರದಾಗ ಸುತ್ತಿ ತನ್ನ ಟ್ರಂಕಿನ್ಯಾಗ ಇಟ್ಟಾಳ.