ಗಾಡಿ ಹತ್ರಿ, ಬಿಡ್ತೀನಿ

ಆನಗೋಡಿನಲ್ಲಿ ಬೆಳಿಗ್ಗೆ ಓಡುವವರೆಂದರೆ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು, ದಾವಣಗೆರೆ ಬಸ್ಸು ಹಿಡಿಯುವ ಕಾಲೇಜು ಮಕ್ಕಳು, ಆಮೇಲೆ ನಾನು. ಅವರನ್ನು ಯಾರೂ ಏನೂ ಕೇಳುವುದಿಲ್ಲ. ತಲೆ ನರೆತವನೊಬ್ಬ ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ಏದುಸಿರು ಬಿಡುತ್ತ ಓಡಿದರೆ ಮಾತ್ರ ಊರಿಗೆ ಗಾಬರಿ. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಪಕ್ಕಕ್ಕೇ ಬರುತ್ತದೆ: “ಎಲ್ಲಿಗ್ರೀ ಮೇಷ್ಟ್ರೇ? ಗಾಡಿ ಹತ್ರಿ, ಬಿಡ್ತೀನಿ.” ರಸ್ತೆಯಂಚಿಗೆ ಮೆಕ್ಕೆಜೋಳ ಹರವುತ್ತಿದ್ದ ಅಜ್ಜಿಯಂತೂ ಕೈಯಲ್ಲಿದ್ದ ಹಲಗೆ ಬಿಟ್ಟು, “ಮನ್ಯಾಗೆ ಎಲ್ಲಾರೂ ಆರಾಮಿದಾರಿಲ್ಲಪ್ಪಾ?” ಅಂದಳು.

ಇದಕ್ಕೆಲ್ಲ ಕಾರಣ ಬೆಂಗಳೂರಿನಲ್ಲಿರುವ ತಂಗಿಯ ಮಗಳು. ಅಲ್ಲಿ 2008ರಲ್ಲಿ ಶುರುವಾದ ಹತ್ತು ಕಿಲೋಮೀಟರ್ ಓಟದ ಜೊತೆಗೇ ‘ಮಜಾ ರನ್’ ಅಂತ ಒಂದು ಸಣ್ಣ ಓಟವಿದೆ. ಹೋದ ಬೇಸಿಗೆಯಲ್ಲಿ ಅದಕ್ಕೆ ನನ್ನನ್ನು ಸೇರಿಸಿದಳು. ಡೊಳ್ಳು, ವೇಷ, ಸೆಲ್ಫಿಗಳ ನಡುವೆ ಓಡಿದ್ದಕ್ಕಿಂತ ನಡೆದದ್ದೇ ಜಾಸ್ತಿ. “ಮಾಮ, ಮಜಾ ಸಾಕು. ಈ ಸಲ ಹತ್ತು ಓಡು” ಎಂದು ಹೆಸರು ಕೊಟ್ಟೇಬಿಟ್ಟಳು. ಗೆಲ್ಲುವ ಗಂಡಸರು ಅಲ್ಲಿ 28 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ಅಷ್ಟು ಹೊತ್ತಿಗೆ ನಾನು ಇಲ್ಲಿಯ ಮೃಗಾಲಯದ ಗೇಟು ಮುಟ್ಟಿ ನೀರು ಕುಡಿಯುತ್ತಿರುತ್ತೇನೆ.

ನಿಧಾನವಾಗಿ ಓಡುವುದಕ್ಕೂ ಒಬ್ಬ ಗುರು ಬೇಕಾಯಿತು ಅನ್ನುವುದು ತಮಾಷೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಚಾಂಪಿಯನ್ನರನ್ನು ತಯಾರು ಮಾಡಿದ ಕೋಚ್. ಹೃದಯದ ತೊಂದರೆಯಿದ್ದ ನಡುವಯಸ್ಸಿನವರನ್ನೂ ಮೆಲ್ಲಗೆ ಓಡಲು ಹಚ್ಚಿದವನು ಅವನೇ. 1962ರ ಕೊನೆಯಲ್ಲಿ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋಗಿ ಈ ಗುಂಪಿನ ಜೊತೆ ಗುಡ್ಡ ಹತ್ತಿದ. ವಯಸ್ಸು ಐವತ್ತರ ಆಚೆಈಚೆ. ಬೇರೆಯವರನ್ನು ಓಡಿಸಿ ಓಡಿಸಿ ತಾನು ಓಡುವುದನ್ನೇ ಬಿಟ್ಟಿದ್ದ ಮನುಷ್ಯ. ಎಪ್ಪತ್ತು ದಾಟಿದ ಮುದುಕನೊಬ್ಬ ಅವನಿಗಾಗಿ ಹಿಂದೆ ಉಳಿದು, ಕರೆದುಕೊಂಡು ಬರಬೇಕಾಯಿತಂತೆ. ಊರಿಗೆ ಮರಳಿದವನೇ ಜನರನ್ನು ಜಾಗಿಂಗಿಗೆ ಹಚ್ಚಿದ. ಮುಂದೆ ಹೆಂಡತಿಯ ವಾಫಲ್ ಕಾವಲಿಗೆ ರಬ್ಬರು ಸುರಿದು ಷೂ ಅಟ್ಟೆ ಎರೆಯಲು ಹೋದವನೂ ಇವನೇ. ದಾವಣಗೆರೆಯಲ್ಲಿ ಬೆಣ್ಣೆದೋಸೆ ಕಾವಲಿ ಮುಟ್ಟಿದ್ದರೆ ತಿಳಿಯುತ್ತಿತ್ತು.

ಆ ಪಂಥದ ಮುಖ್ಯ ನಿಯಮ: ಜೊತೆಗಾರನೊಡನೆ ಮಾತಾಡಲು ಆಗುವಷ್ಟೇ ವೇಗ. ನಗರದವರು ಇದಕ್ಕೆ ನಾಡಿ ಬಡಿತ ಎಣಿಸುವ ಗಡಿಯಾರ ಕಟ್ಟುತ್ತಾರೆ. ಆನಗೋಡಿನಲ್ಲಿ ಅದು ಬೇಡ. “ಸಕ್ಕರೆ ಕಾಯಿಲೆನ್ರೀ?” ಅನ್ನುವುದಕ್ಕೆ “ಇಲ್ರೀ, ಹಂಗೇ ಸುಮ್ನೆ” ಎಂದು ಪೂರ್ತಿ ಹೇಳಲಾದರೆ ವೇಗ ಸರಿ, ಬರೀ ಕೈ ಆಡಿಸಿದೆನೋ, ಜಾಸ್ತಿ ಆಯಿತು ಅಂತ ಲೆಕ್ಕ. ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ. ಭಾನುವಾರ ಉದ್ದನೆಯ ಓಟ, ಸೋಮವಾರ ಬಿಡುವು. ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ, ಮೂಳೆ-ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹುರುಪು ಬಂದ ಹೊಸಬರು ಮೊಣಕಾಲು ಹಿಡಿದು ಕೂರುವುದು ಈ ಅಂತರದಲ್ಲೇ.

ಈ ಹೈವೇ ಹಳೇ ಪುಣೆ-ಬೆಂಗಳೂರು ರಸ್ತೆ. ದಾವಣಗೆರೆ ಪೇಟೆಯೊಳಗೆ ಇವತ್ತಿಗೂ ಪಿ.ಬಿ. ರೋಡು, ಬೆಳಗಾವಿಯಲ್ಲೂ ಪಿ.ಬಿ. ರೋಡು. ಆ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು. ಆ ಸಲದ ದೂರ ಈಗಿನ 42.195 ಅಲ್ಲ, 42.75 ಕಿ.ಮೀ.; ಹಿಡಿದದ್ದು 2 ಗಂಟೆ 50 ನಿಮಿಷ ಚಿಲ್ಲರೆ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಪಂದ್ಯಗಳಲ್ಲಿ ಬರಿಗಾಲ ರೈತಮಕ್ಕಳ ಓಟ ಕಂಡು ಬೆರಗಾದ ದೊರಾಬ್ಜಿ ಟಾಟಾ ಆ ತಂಡದ ಖರ್ಚಿಗೆ ನೆರವಾದರು. ಕನ್ನಡ ನಾಡಿನ ಓಟಗಾರರ ಮಾತು ಬಂದಾಗ ಚೌಗುಲೆಯವರ ಹೆಸರು ಎತ್ತುವವರು ಕಡಿಮೆ. ನನಗದು ಬೇಸರ. ಒಲಿಂಪಿಕ್ಸಿಗೆ ಹೋಗುವ ಮುಂಚೆ ಅವರನ್ನೂ ಯಾವನೋ ಗಾಡಿಯವನು ಕರುಣೆಯಿಂದ ತಡೆದಿರಬೇಕು, “ಹತ್ತು ಮಾರಾಯಾ” ಅಂತ.

ಚೌಗುಲೆ ಹತ್ತಿರಲಿಕ್ಕಿಲ್ಲ. ನನ್ನ ಮಟ್ಟಿಗೆ ಅಂಥ ಛಲವೇನಿಲ್ಲ. ಬರುವ ಭಾನುವಾರ ಎಂಟು ಕಿಲೋಮೀಟರ್ ಬರೆದುಕೊಟ್ಟಿದ್ದಾಳೆ ಸೊಸೆ. ಜೇಬಿನಲ್ಲಿ ಬಸ್ ಚಾರ್ಜು ಇಟ್ಟುಕೊಂಡೇ ಹೊರಡುವವನು ನಾನು.