ಗುರುಪುರದಿಂದ ಕುದ್ರುಗಳ ಕಡೆಗೆ

ಹುಣಸೂರಿನ ಕಡೆಯವರಾದ ನಮಗೆ ಕಡಲು ಬಹಳ ದೂರ ಎಂಬ ಭಾವನೆ. ತಂಬಾಕು ಬೇಯಿಸುವ ಬ್ಯಾರನ್, ಮುಸುಕಿನ ಜೋಳದ ಹೊಲ, ನಾಗರಹೊಳೆಯ ಕಾಡು ಇಷ್ಟೇ ನಮ್ಮ ಲೋಕ ಅಂದುಕೊಂಡಿರುತ್ತೇವೆ. ಆದರೆ ನಮ್ಮ ಪೇಟೆಯನ್ನು ಹಾದುಹೋಗುವ 275ನೇ ಹೆದ್ದಾರಿ ಬಂಟ್ವಾಳದವರೆಗೂ ಹೋಗುತ್ತದಲ್ಲ! ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು. ಬೈಕಿದ್ದವರು ನಸುಕಿನಲ್ಲಿ ಹೊರಟರೆ ಸಂಜೆಯ ಚಹಾ ಕಡಲ ತಡಿಯಲ್ಲೇ ಆಗುತ್ತದೆ.

ನಾನು ಹೊರಡುವುದು ಹುಣಸೂರು ಬಳಿಯ ಗುರುಪುರದಿಂದ, ಅದೂ ಒಂದು ಬಟ್ಟಲು ಥುಕ್ಪಾ (ಟಿಬೆಟನ್ನರ ನೂಡಲ್ ಸಾರು) ಹೊಟ್ಟೆಗಿಳಿಸಿಕೊಂಡು. 1972ರಲ್ಲಿ ಇಲ್ಲಿ ಟಿಬೆಟನ್ನರ ರಬ್‌ಗ್ಯೇಲಿಂಗ್ ವಸತಿ ಶುರುವಾಯಿತು. ಗ್ಯೂಮೇ ತಾಂತ್ರಿಕ ಮಠವೂ ಇಲ್ಲೇ ಇದೆ. ಹಿಮದ ನಾಡಿನಿಂದ ಬಂದು ನಮ್ಮ ಕೆಂಪು ಮಣ್ಣಿನಲ್ಲಿ ಜೋಳ ಬೆಳೆದ ಈ ಜನರನ್ನು ನೋಡಿದಾಗಲೆಲ್ಲ, ನೆಲೆ ಬದಲಿಸಿ ಬಾಳುವುದಕ್ಕೆ ಎಷ್ಟು ಧೈರ್ಯ ಬೇಕು ಅನ್ನಿಸುತ್ತದೆ.

ಗಾಡಿ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಕಿಕ್ ಹೊಡೆದ ಲಿವರನ್ನೇ ಮಡಚಿ ಗೇರ್ ಹಾಕುವ ಅದರ ಜಾಣ್ಮೆಗೆ ನಾನು ಇವತ್ತಿಗೂ ಮಾರುಹೋಗುತ್ತೇನೆ. ಪೆಟ್ರೋಲಿಗೆ ಆಯಿಲ್ ಬೆರೆಸಿಕೊಳ್ಳಬೇಕು, ನಡುನಡುವೆ ನಿಲ್ಲಿಸಿ ಇಂಜಿನ್ ತಣಿಸಬೇಕು. ಇಂಥ ಪಯಣಕ್ಕೆ ಆ ನಿಲುಗಡೆಗಳೇ ಒಳ್ಳೆಯವು.

ಮಡಿಕೇರಿಯಲ್ಲಂತೂ ನಿಲ್ಲಲೇಬೇಕು; ನೀರು ದಿಕ್ಕು ಬದಲಿಸುವುದು ಅಲ್ಲೇ. ನಮ್ಮ ಹುಣಸೂರಿನ ಹೊಳೆ ಲಕ್ಷ್ಮಣತೀರ್ಥ ಕಾವೇರಿಯನ್ನು ಸೇರಿ ಮೂಡಣ ಕಡಲಿಗೆ ಹೋಗುತ್ತದೆ. ಮಡಿಕೇರಿ ದಾಟಿ ಇಳಿಯತೊಡಗಿದೊಡನೆ ನೀರೆಲ್ಲ ಪಡುವಣಕ್ಕೆ ಮುಖ ಮಾಡುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಸಮುದ್ರ ಸೇರುವವಳು. ಅದೇ ಪಯಸ್ವಿನಿಗೆ ಸುಳ್ಯದ ಹತ್ತಿರದ ಅರಂಬೂರಿನಲ್ಲಿ ಗಿರೀಶ ಭಾರದ್ವಾಜರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಮುಂದೆ ಅವರು ಊರೂರಿಗೆ ಅಂಥ ಸೇತುವೆಗಳನ್ನು ಕಟ್ಟುತ್ತಲೇ ಹೋದರು; 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಹೊಳೆಯಾಚೆ ಸಿಕ್ಕಿಕೊಂಡವರಿಗೆ ಒಂದು ಕಾಲುಸೇತುವೆ ಏನೆಂಬುದು ಕುದ್ರುಗಳನ್ನು ನೋಡಿದ ಮೇಲೆ ನನಗೆ ಇನ್ನೂ ಚೆನ್ನಾಗಿ ತಿಳಿಯಿತು.

ಕುದ್ರು ಅಂದರೆ ಹೊಳೆಯ ನಡುವಿನ ನಡುಗಡ್ಡೆ. ಉಡುಪಿ ಕಡೆಯ ಹೊಳೆಗಳು ಕಡಲು ಸಮೀಪಿಸಿದಂತೆ ಓಟ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ಅಲ್ಲಲ್ಲಿ ಇಳಿಸುತ್ತವೆ. ಅದರ ಮೇಲೆ ತೆಂಗು ಎದ್ದಿದೆ, ಮನೆ ಎದ್ದಿದೆ, ದೈವದ ಗುಡಿ ಎದ್ದಿದೆ. ಬಂಟ್ವಾಳದಿಂದ ಉಡುಪಿ ಕಡೆಗೆ ಬಂದು, ಸಂತೆಕಟ್ಟೆಯಲ್ಲಿ 66ನೇ ಹೆದ್ದಾರಿಯನ್ನು ಬಿಟ್ಟು ಕೆಮ್ಮಣ್ಣಿಗೆ ತಿರುಗಿ. ಅಲ್ಲಿಂದ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆ. ಗಾಡಿ ಈಚೆ ನಿಲ್ಲಿಸಿ ನಡೆದೇ ಹೋಗಿ. ಹೊಳೆಯಲ್ಲಿ ಸೊಂಟದುದ್ದ ನೀರಿಗಿಳಿದು ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಕಾಣುತ್ತಾರೆ. ಆಮೇಲೆ ಹೂಡೆ, ಅದರಾಚೆ ಕೋಡಿ ಬೆಂಗ್ರೆ. ಎಡಕ್ಕೆ ಅಲೆ, ಬಲಕ್ಕೆ ಹೊಳೆ, ನಡುವೆ ಒಂದು ಕಿರಿದಾದ ಟಾರು ರಸ್ತೆ.

ಈ ರಸ್ತೆಯ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ಅದು ಊರಿನವರ ಅಂಗಳ. ಅಲ್ಲಿ ಮೀನು ಒಣಗುತ್ತಿರುತ್ತದೆ, ಬಲೆ ಹರಡಿರುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ಹಿಂಡುಗಟ್ಟಿ ಸೈಲೆನ್ಸರ್ ಗುಡುಗಿಸುತ್ತ ಬಂದು, ಒಂದು ವಿಡಿಯೊ ಹಿಡಿದು, ಬಾಟಲಿ ಎಸೆದು ಹೋಗುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನೀರಿನ ವಿಷಯವನ್ನೂ ನೆನಪಿಡಬೇಕು. ಇಂಥ ಮರಳು ನೆಲದಡಿಯಲ್ಲಿ ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬೇಸಗೆಯಲ್ಲಿ ಆ ಪದರ ತೆಳುವಾಗಿ ಬಾವಿಗೆ ಉಪ್ಪು ಏರುತ್ತದೆ. ಅಂಥ ದಿನಗಳಲ್ಲೂ ಬಾಯಾರಿ ಬಂದವನ ಕೈಗೆ ಚೊಂಬು ಕೊಟ್ಟು "ಕುಡೀರಿ ಮಾರಾಯ್ರೆ" ಅನ್ನುವ ಮನೆಯ ನೀರಿಗೆ ಬೆಲೆ ಕಟ್ಟಲಾಗದು.

ಬೆಂಗ್ರೆಯ ತುದಿಯಲ್ಲಿ ರಸ್ತೆ ಮುಗಿಯುತ್ತದೆ. ಸುವರ್ಣೆ, ಸೀತಾ ಎರಡೂ ಅಲ್ಲಿ ಕಡಲಿಗೆ ಬೀಳುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ನಾನು ಹೋದಾಗ ಹೊಳೆ ದಾಟಿಸುವ ಬಾರ್ಜು ನನ್ನ ಯೆಜ್ಡಿಯನ್ನೂ ಹತ್ತಿಸಿಕೊಂಡಿತು. ಮೀನಿನ ಬುಟ್ಟಿಯವರ, ಶಾಲೆಯ ಮಕ್ಕಳ ನಡುವೆ ಹ್ಯಾಂಡಲ್ ಹಿಡಿದು ನಿಂತ ಆ ಸ್ವಲ್ಪ ಹೊತ್ತು ಇಡೀ ಪಯಣದಲ್ಲೇ ನನಗೆ ಪ್ರಿಯವಾದದ್ದು.

ಇನ್ನೂ ಉತ್ತರಕ್ಕೆ, ಕುಂದಾಪುರದ ಬಳಿ ಪಂಚಗಂಗಾವಳಿಯ ಹಿನ್ನೀರಿನಲ್ಲಿ ಉಪ್ಪಿನಕುದ್ರು ಇದೆ. ಮರವಂತೆಗೆ ಹೋಗುವ ಬಹುಪಾಲು ಜನ ಇದನ್ನು ನೋಡದೆಯೇ ದಾಟಿಬಿಡುತ್ತಾರೆ. ಯಕ್ಷಗಾನದ ವೇಷಭೂಷಣವನ್ನೇ ತೊಟ್ಟ ಸೂತ್ರದ ಗೊಂಬೆಗಳನ್ನು ತಲೆಮಾರುಗಳಿಂದ ಕುಣಿಸುತ್ತ ಬಂದ ಕಾಮತರ ಮನೆತನ ಇಲ್ಲಿಯದು. ಕೊಗ್ಗ ಕಾಮತರು ಈ ಗೊಂಬೆಗಳನ್ನು ಹೊರದೇಶಗಳಿಗೂ ಕೊಂಡೊಯ್ದರು. ಮಗ ಭಾಸ್ಕರ ಕೊಗ್ಗ ಕಾಮತರು ಆಟವನ್ನು ಮುಂದುವರಿಸಿದರು. ಭಾಗವತರ ಪದ, ಚೆಂಡೆ, ಮದ್ದಳೆ ಎಲ್ಲವೂ ಇರುವ ಪೂರ್ತಿ ಯಕ್ಷಗಾನವೇ ಅದು. ದೀಪಾವಳಿಯ ಮೇಲೆ ಮಳೆ ನಿಂತು, ಬಿಸಿಲು ಇನ್ನೂ ಏರದ ದಿನಗಳಲ್ಲಿ ಹೊರಡಿ. ಆಟ ಯಾವಾಗ ಎಂದು ಮೊದಲೇ ವಿಚಾರಿಸಿಕೊಂಡು, ರಾತ್ರಿ ಅಲ್ಲೇ ಆಸುಪಾಸು ಉಳಿಯುವ ಹಾಗೆ ಚೀಲ ಕಟ್ಟಿಕೊಳ್ಳಿ.